ಅರಮನೆಗೆ ಬಂದ ಇಗರ್ಜಿಯ ಬಾಗಿಲು

ಹತ್ತಿರ ಬನ್ನಿ ಮಕ್ಕಳೇ. ಸಾವಿರ ವರ್ಷಕ್ಕೂ ಹಿಂದೆ, ಹಿಮ ಬೀಳುವ ಒಂದು ರಾಜ್ಯದಲ್ಲಿ ಥಿಯೊಮಾರ್ ಎಂಬ ಬಿಷಪ್ ಇದ್ದರು. ಬರೀ ಎಲುಬು, ಚರ್ಮ. ಗಾಳಿ ಬೀಸಿದರೆ ಹಾರಿಹೋಗುವಂಥ ಮುದುಕರು. ಅವರ ಇಗರ್ಜಿಗೆ ಓಕ್ ಮರದ ದೊಡ್ಡ ಬಾಗಿಲು. ಅದನ್ನು ಮುಟ್ಟಿಕೊಂಡು ನಿಂತವರನ್ನು ಯಾರೂ ಹಿಡಿಯಕೂಡದು. ಪಟ್ಟವೇರುವ ದಿನ ರಾಜನೇ ಹಾಗೆಂದು ಆಣೆ ಮಾಡಬೇಕಿತ್ತು.

ಆ ರಾಜ್ಯದ ಮಂತ್ರಿ ರಾಗೋ. ಗಿಸ್ಲಾ ಎಂಬ ವಿಧವೆಯ ಹಿಟ್ಟಿನ ಗಿರಣಿಯ ಮೇಲೆ ಅವನ ಕಣ್ಣು ಬಿತ್ತು. ಅವಳು ಕೊಡುವುದಿಲ್ಲ ಎಂದಳು. ಕಳ್ಳಿ ಎಂದು ಸುಳ್ಳು ಹೊರಿಸಿ ಅವಳನ್ನು ಗಲ್ಲಿಗೇರಿಸಲು ಹೊರಟ. ಅವಳು ಓಡಿಬಂದು ಇಗರ್ಜಿಯ ಬಾಗಿಲು ಹಿಡಿದುಕೊಂಡಳು.

ಮೊದಲ ದಿನ, ನಿದ್ದೆ ಬಂದರೆ ಕೈ ಜಾರುತ್ತದೆ ಎಂದು ರಾಗೋನ ಭಟರು ಕಾದರು. ಬಿಷಪ್ ತಮ್ಮ ಸೊಂಟದ ಪಟ್ಟಿ ಬಿಚ್ಚಿ ಅವಳ ಕೈಯನ್ನು ಬಾಗಿಲ ಹಿಡಿಗೆ ಕಟ್ಟಿದರು. ಎರಡನೆಯ ದಿನ, ಹಸಿದರೆ ಬಿಡುತ್ತಾಳೆ ಎಂದು ಕಾದರು. ಬಿಷಪ್ ಗಂಜಿ ತಂದು ತಾವೇ ಕುಡಿಸಿದರು. ಮೂರನೆಯ ದಿನ ರಾಗೋಗೆ ಹೊಸ ಬುದ್ಧಿ ಹೊಳೆಯಿತು. ಹೆಂಗಸನ್ನು ಮುಟ್ಟಬಾರದು, ಸರಿ. ಬಾಗಿಲನ್ನು ಮುಟ್ಟಬಾರದೆಂದು ಯಾರು ಹೇಳಿದರು? ಕಿತ್ತು ಅರಮನೆಗೆ ತನ್ನಿ, ಅಲ್ಲಿ ಅದು ಬರೀ ಹಲಗೆ ಎಂದ.

ಎಂಟು ಭಟರು ಎತ್ತಲು ನೋಡಿದರು. ಬಾಗಿಲು ಅಲುಗಲಿಲ್ಲ. ಆಗ ಬಿಷಪ್ಪರೇ ಬಂದು ಹೆಗಲು ಕೊಟ್ಟರು. ಅಬ್ಬಾ, ಬಾಗಿಲು ಮೊರದಂತೆ ಮೇಲೆದ್ದಿತು.

"ಗುರುಗಳೇ, ನೀವೂ ಅವರ ಕಡೆಯೇ?" ಗಿಸ್ಲಾ ಅತ್ತಳು.

"ಬಾಗಿಲು ಬಿಡಬೇಡ ಮಗಳೇ," ಎಂದರು, ಅಷ್ಟೇ.

ಅರಮನೆಯ ಅಂಗಳದಲ್ಲಿ ಅವರು ಬಾಗಿಲನ್ನು ಎಲ್ಲಿ ಇಳಿಸಿದರು ಗೊತ್ತೇ? ಸೆರೆಮನೆಯ ಕಂಬಿಗೆ ಒರಗಿಸಿ. ಒಳಗಿನಿಂದ ಒಂದು ಕೈ ಬಂದು ಮುಟ್ಟಿತು. ಇನ್ನೊಂದು ಬಂತು. ಆಮೇಲೆ ಬಾಗಿಲೇ ಕಾಣದಷ್ಟು ಕೈಗಳು. ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ರಾಜ ಇಳಿದು ಬಂದ. ಆ ಕೈಗಳನ್ನು ನೋಡಿದ. ತಾನು ಮಾಡಿದ ಆಣೆ ನೆನಪಾಗಿ ಕಿರೀಟ ತೆಗೆದು ನಿಂತ. ಬೀಗ ತೆರೆಸಿ ಒಬ್ಬೊಬ್ಬರನ್ನೂ ವಿಚಾರಿಸಿದ. ಒಬ್ಬನ ಹೊಲ ಬೇಕೆಂದು, ಇನ್ನೊಬ್ಬನ ಮನೆ ಬೇಕೆಂದು ಎಲ್ಲರನ್ನೂ ಒಳಗೆ ತಳ್ಳಿದವನು ರಾಗೋ.

"ಇವನನ್ನು ಗಲ್ಲಿಗೆ ಹಾಕಿ," ಎಂದ ರಾಜ.

ರಾಗೋ ಎಲ್ಲಿಗೆ ಓಡಿದ? ಆ ಬಾಗಿಲಿಗೇ. ಹಿಡಿದ ಕೈ ಜಾರುತ್ತಿತ್ತು. ಗಿಸ್ಲಾ ಬಿಷಪ್ಪರ ಮುಖ ನೋಡಿದಳು. ಅವಳು ತನ್ನ ಕೈಯ ಪಟ್ಟಿ ಬಿಚ್ಚಿದಳು, ಅವನ ಕೈಯನ್ನು ಬಾಗಿಲ ಹಿಡಿಗೆ ಕಟ್ಟಿದಳು.

ರಾಗೋನ ಮಂತ್ರಿಗಿರಿ ಹೋಯಿತು, ಜೀವ ಉಳಿಯಿತು. ಬಿಷಪ್ಪರ ಜೊತೆ ಹೆಗಲು ಕೊಟ್ಟು ಆ ಬಾಗಿಲನ್ನು ಅವನೇ ಇಗರ್ಜಿಗೆ ಮರಳಿಸಿದ. ಬಿಷಪ್ಪರನ್ನು ಜನ ಸಂತರೆಂದು ಕೈಮುಗಿದರು.

ನೆನಪಿಡಿ ಮಕ್ಕಳೇ, ಬಡವರ ಆಸರೆಯನ್ನು ಎಂದೂ ಕೀಳಬೇಡಿ. ನಾಳೆ ಓಡಿಹೋಗಲು ನಿಮಗೂ ಅದೊಂದೇ ಉಳಿದಿರಬಹುದು.