ಟವಲಿನ ಕೆಳಗಿನ ಬಡ್ಡಿ

"ಗುರುಗಳೇ, ಬ್ಯಾಂಕಿನವರು ಆಗುವುದಿಲ್ಲ ಅಂದ ಮೇಲೆ, ನ್ಯಾಯವಾದ ಸಾಲ ಕೊಡುವವರನ್ನು ಹುಡುಕುವುದು ಹೇಗೆ?"

ಶಿವಮಲ್ಲು ಇದನ್ನು ಕೇಳಿದ್ದು ಪಿಸುದನಿಯಲ್ಲಿ. ಅವನು ದರ್ಜಿ. ಬಿಡುವಾದಾಗ ಮಠಕ್ಕೆ ಬಂದು ಗುರುಗಳ ಮಾತು ಕೇಳಿ ಹೋಗುವ ಶಿಷ್ಯ. ಮಗಳಿಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಸಿಗೆಂದು ಕೇಳಿದ ಸಾಲವನ್ನು ಬ್ಯಾಂಕು ಕೊಟ್ಟಿರಲಿಲ್ಲ. ಮಠದ ಜಗಲಿಯಲ್ಲಿ ಊಟದ ಗಂಟೆಗೆ ಕಾಯುತ್ತ ಜನ ಕುಳಿತಿದ್ದರು. ಅವರ ಕಿವಿಗೆ ಬೀಳದಿರಲೆಂದು ಅವನು ಗುರುಗಳ ಹತ್ತಿರಕ್ಕೆ ಸರಿದು ಬಾಯಿಗೆ ಕೈ ಅಡ್ಡ ಹಿಡಿದಿದ್ದ.

"ಒಬ್ಬ ಕೊಡುತ್ತೇನೆ ಅಂದಿದ್ದಾನೆ," ಎಂದು ಸೇರಿಸಿದ. "ಏನೂ ಕೇಳುವುದಿಲ್ಲ. ಯಾರಿಗೂ ಹೇಳಬೇಡ ಅಂದಿದ್ದಾನೆ, ಅಷ್ಟೇ. ಒಳ್ಳೆಯವನ ಹಾಗೆ ಕಾಣುತ್ತಾನೆ."

ಗುರುಗಳು ನಕ್ಕರು. "ಸಾಲ ಕೊಡುವ ದಿನ ಕೆಟ್ಟವನ ಹಾಗೆ ಕಂಡವನನ್ನು ನಾನು ಈವರೆಗೆ ನೋಡಿಲ್ಲ. ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಬ್ಬ ಎತ್ತಿನ ವ್ಯಾಪಾರಿ ಇದ್ದ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿದು, ಮೇಲೆ ಒಂದು ಟವಲು ಹಾಕಿಕೊಂಡು, ಒಳಗೆ ಬೆರಳು ಮುಟ್ಟಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಟವಲು ಅಲ್ಲಾಡುವುದು ಕಾಣುತ್ತದೆ, ಬೆಲೆ ತಿಳಿಯುವುದಿಲ್ಲ. ನಮ್ಮ ವ್ಯಾಪಾರಿ ಅದರಲ್ಲಿ ಪಳಗಿದ ಕೈ. ಟವಲಿನ ಕೆಳಗೆ ಅವನನ್ನು ಗೆದ್ದವರು ಆ ಸೀಮೆಯಲ್ಲೇ ಇರಲಿಲ್ಲ.

ಅವನ ಹೆಂಡತಿ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಬೇಗ ಆಪರೇಷನ್ ಮಾಡಿಸಿದರೆ ಓಡಾಡುತ್ತಾಳೆ, ಇಲ್ಲವಾದರೆ ಮಂಚವೇ ಗತಿ ಎಂದರು ಡಾಕ್ಟರು. ವ್ಯಾಪಾರಿ ಬ್ಯಾಂಕಿಗೆ ಓಡಿದ. ಹಿಂದೊಮ್ಮೆ ಅವನು ಭಾವಮೈದುನನ ಸಾಲಕ್ಕೆ ಜಾಮೀನು ನಿಂತಿದ್ದ. ಭಾವಮೈದುನ ಕಂತು ಕಟ್ಟದೆ ಕೈಯೆತ್ತಿದ್ದ. ಬ್ಯಾಂಕಿನವರು ಅದನ್ನು ತೋರಿಸಿ ವಾಪಸ್ ಕಳಿಸಿದರು.

ಅವನು ತಲೆ ತಗ್ಗಿಸಿಕೊಂಡು ಹೊರಗೆ ಬಂದು ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತ. ಹೆಂಡತಿಯ ಚಿಂತೆ ಒಂದು ಕಡೆ, ಮಾನದ ಚಿಂತೆ ಇನ್ನೊಂದು ಕಡೆ. ಸಂತೆಯಲ್ಲಿ ರೈತರು ಅವನಿಗೆ ನಂಬಿಕೆಯ ಮೇಲೆ ಎತ್ತು ಬಿಡುತ್ತಿದ್ದರು. ಮಾರಿದ ಮೇಲೆ ಹಣ ತೆಗೆದುಕೊಳ್ಳುತ್ತಿದ್ದರು. ಬ್ಯಾಂಕಿಗೇ ಬೇಡವಾದವನು ಎಂದು ಸುದ್ದಿಯಾದರೆ ಯಾರು ಎತ್ತು ಬಿಟ್ಟಾರು?

ಆಗ ಒಬ್ಬ ಸಾಹುಕಾರ ತಾನಾಗಿಯೇ ಹುಡುಕಿಕೊಂಡು ಬಂದ. ಪಕ್ಕದಲ್ಲಿ ಕುಳಿತ. ವ್ಯಾಪಾರಿಯ ಹೆಗಲ ಮೇಲಿದ್ದ ಟವಲನ್ನೇ ಎಳೆದು ಇಬ್ಬರ ಕೈಯ ಮೇಲೆ ಹಾಕಿದ. ಒಳಗೆ ಐದೂ ಬೆರಳು ಒಟ್ಟಿಗೆ ಹಿಡಿದು, "ನೂರಕ್ಕೆ, ತಿಂಗ್ಳಿಗೆ," ಎಂದು ಕಿವಿಯಲ್ಲಿ ಹೇಳಿದ. "ನಿಮ್ಗೆ ಅಂತ ಈ ರೇಟು. ನಮ್ಮಿಬ್ರ ಮಧ್ಯೆ ಇರ್ಲಿ. ನಿಮ್ಮ ಮರ್ಯಾದಿ ನಂಗೂ ಮುಖ್ಯ."

ವ್ಯಾಪಾರಿಯ ಕಣ್ಣು ತುಂಬಿ ಬಂತು. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದ ಬ್ಯಾಂಕಿಗಿಂತ, ಗುಟ್ಟಾಗಿ ಹೂಂ ಅಂದ ಈ ಮನುಷ್ಯ ದೇವರಾಗಿ ಕಂಡ. ಅದರ ಮೇಲೆ ಟವಲಿನ ಕೆಳಗಿನ ಮಾತು! ಅಲ್ಲಿ ಅವನಿಗೆ ಯಾವತ್ತೂ ಭಯವಿರಲಿಲ್ಲ. ನೋಡು, ಮನುಷ್ಯ ಮೋಸಹೋಗುವುದು ಗೊತ್ತಿಲ್ಲದ ಜಾಗದಲ್ಲಿ ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಅವನು ಹುಷಾರಾಗಿರುತ್ತಾನೆ. ಪಳಗಿದ ಜಾಗದಲ್ಲೇ ಅವನು ಕಣ್ಣು ಮುಚ್ಚುವುದು.

ನಾಳೆ ಹಣ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಅವನು ಆಸ್ಪತ್ರೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಅವಳು ನೋವಿನಲ್ಲೂ ಹುಬ್ಬು ಗಂಟಿಕ್ಕಿದಳು.

"ನೀವು ಎತ್ತು ಮಾರೋವಾಗ ಟವಲು ಯಾಕ್ ಹಾಕ್ತೀರಿ?"

"ಬೆಲೆ ಮುಂದಿನ ಗಿರಾಕಿಗೆ ಗೊತ್ತಾಗ್ಬಾರ್ದಲ್ಲ. ಗೊತ್ತಾದ್ರೆ ಅವ್ನೂ ಅಷ್ಟಕ್ಕೇ ಕೇಳ್ತಾನೆ."

"ಹಂಗಾದ್ರೆ ಟವಲಿಂದ ಲಾಭ ಯಾರ್ಗೆ? ಒಂದು ಸಲ ಕೊಳ್ಳೋನ್ಗಾ, ದಿನಾ ಮಾರೋನ್ಗಾ?"

ವ್ಯಾಪಾರಿ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು ನೋಡಿದ. ಇಷ್ಟು ವರ್ಷ ಟವಲು ಹಾಕಿದವನು ಅವನು. ಈ ಸಲ ತಾನು ಗಿರಾಕಿ ಎಂಬುದೇ ಅವನಿಗೆ ಹೊಳೆದಿರಲಿಲ್ಲ. ಅವನಿಗೆ ನಗು ಬಂತು, ಸಿಟ್ಟೂ ಬಂತು. ಎರಡೂ ತನ್ನ ಮೇಲೆಯೇ.

ಮರುದಿನ ಸಂತೆ. ವ್ಯಾಪಾರಿ ಟವಲನ್ನು ತಲೆಗೆ ಸುತ್ತಿಕೊಂಡು ಹುಣಿಸೆಮರದ ಕಟ್ಟೆ ಹತ್ತಿದ. ಕೂಗಿ ಹೇಳಿದ. "ಕೇಳ್ರಪ್ಪಾ! ಬ್ಯಾಂಕ್ನೋರು ನಂಗೆ ಸಾಲ ಕೊಡ್ಲಿಲ್ಲ. ಹೆಂಡ್ತಿ ಆಪ್ರೇಸನ್‌ಗೆ ದುಡ್ಡು ಬೇಕು. ನೂರಕ್ಕೆ ತಿಂಗ್ಳಿಗೆ ಐದು ರೂಪಾಯಿ ಬಡ್ಡಿ ಅಂತ ಸಾಹುಕಾರ್ರು ಹೇಳವ್ರೆ. ಇದು ನ್ಯಾಯವಾ? ಗೊತ್ತಿದ್ದೋರು ಹೇಳಿ."

ಮೊದಲು ಒಬ್ಬ ರೈತ ತಾನು ಬಿಟ್ಟಿದ್ದ ಎತ್ತುಗಳ ಹಗ್ಗ ಬಿಚ್ಚಿಕೊಂಡು ಸದ್ದಿಲ್ಲದೆ ನಡೆದ. ವ್ಯಾಪಾರಿ ಅಂಜಿದ್ದು ಸುಳ್ಳಾಗಲಿಲ್ಲ, ಆ ನಷ್ಟ ಅವನಿಗೆ ಆಗಿಯೇ ಆಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ.

ಆಮೇಲೆ ಹಗ್ಗ ಮಾರುವವನು ತಲೆ ಕೆರೆದುಕೊಂಡ. "ನಂಗೆ ಮೂರಕ್ಕೆ ಕೊಟ್ಟವ್ನಲ್ಲ! ನಿಮ್ಗೆ ಅಂತ ಈ ರೇಟು ಅಂದ."

"ನಂಗೂ ಅದೇ ಮಾತು ಅಂದು ಏಳು ತಕೊಂಡವ್ನೆ," ಎಂದ ಲಾಳ ಕಟ್ಟುವವನು, ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು. ಅವನ ಮುಖ ಕೆಂಪಾಗಿತ್ತು.

ಸಂತೆಯಲ್ಲಿ ಗುಲ್ಲೆದ್ದಿತು. ಎಷ್ಟು ಜನ, ಅಷ್ಟು ರೇಟು. ಎಲ್ಲರೂ ತಮ್ಮೊಬ್ಬರಿಗೇ ಉಪಕಾರವಾಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದರು. ಆ ಗದ್ದಲದಲ್ಲೇ ಹಗ್ಗದವನು ಪಕ್ಕದ ಊರಿನ ಸಹಕಾರ ಸಂಘದ ಮಾತು ತೆಗೆದ. ಈಚೆಗೆ ತಾನೂ ಲಾಳದವನೂ ಅಲ್ಲಿ ಸದಸ್ಯರಾಗಿದ್ದೇವೆ, ಬಡ್ಡಿಯನ್ನು ಗೋಡೆಯ ಮೇಲೆ ಬರೆದು ಹಾಕಿದ್ದಾರೆ ಎಂದ. ಇಬ್ಬರೂ ಜಾಮೀನು ನಿಲ್ಲುತ್ತೇವೆ ಎಂದರು. ಕಟ್ಟೆ ಹತ್ತದೆ ಇದ್ದಿದ್ದರೆ ಆ ಇಬ್ಬರೂ ಅವನಿಗೆ ಸಿಗುತ್ತಿರಲಿಲ್ಲ.

ಸಂಘದ ಕಾರ್ಯದರ್ಶಿ ಪ್ರಶ್ನೆ ಕೇಳಿ ಕೇಳಿ ಅವನ ಜೀವ ಹಿಂಡಿದಳು. ವ್ಯಾಪಾರವಿಲ್ಲದ ತಿಂಗಳಲ್ಲಿ ಏನು ತಿನ್ನುತ್ತೀರಿ? ಭಾವಮೈದುನನ ಬಾಕಿ ಏನಾಯಿತು? ಆಸ್ಪತ್ರೆಯ ಖರ್ಚು ಇಷ್ಟೇ ಇರುವಾಗ ಇಷ್ಟೊಂದು ಸಾಲ ಯಾಕೆ? ಅವನು ಕೇಳಿದ್ದಕ್ಕಿಂತ ಕಡಿಮೆಯನ್ನೇ ಕೊಟ್ಟಳು. ಕೊಡುವ ಮೊದಲು ಕೊನೆಯ ಕಂತಿನವರೆಗೆ ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಎಂದು ಜಾಮೀನುದಾರರ ಎದುರಿಗೇ ಗಟ್ಟಿಯಾಗಿ ಓದಿದಳು. ಬೇಗ ತೀರಿಸಿದರೆ ದಂಡವಿಲ್ಲ ಎಂದೂ ಹೇಳಿದಳು. ಸಾಹುಕಾರನ ತಿಂಗಳಿಗೆ ಐದು ಎಂದರೆ ವರ್ಷಕ್ಕೆ ಅರವತ್ತು. ಸಂಘದ್ದು ವರ್ಷಕ್ಕೆ ಹದಿನಾಲ್ಕು. ಈ ಲೆಕ್ಕ ಅವನ ತಲೆಗೆ ಹೊಕ್ಕಿದ್ದು ಆಗಲೇ.

ಆಪರೇಷನ್ ಆಯಿತು. ಮೊದಲ ಕಂತು ಕಟ್ಟಿದ ವಾರ ಸಾಹುಕಾರ ಮತ್ತೆ ಅವನನ್ನು ಹುಡುಕಿಕೊಂಡು ಸಂತೆಗೆ ಬಂದ. ನಗುನಗುತ್ತ ಪಕ್ಕದಲ್ಲಿ ಕುಳಿತು ಮತ್ತೆ ಟವಲಿಗೆ ಕೈ ಹಾಕಿದ. ಸಂಘಕ್ಕಿಂತ ಕಡಿಮೆಗೆ ಕೊಡುತ್ತೇನೆ, ಆ ಸಾಲ ತೀರಿಸಿ ನನ್ನ ಹತ್ತಿರ ಬಾ, ಆದರೆ ಯಾರಿಗೂ ಹೇಳಬೇಡ ಎಂದ.

ವ್ಯಾಪಾರಿ ಟವಲನ್ನು ಎಳೆದುಕೊಂಡ, ಕೊಡವಿದ, ಮತ್ತೆ ಹೆಗಲಿಗೆ ಹಾಕಿಕೊಂಡ. "ಕಟ್ಟೆ ಮೇಲೆ ನಿಂತು ಹೇಳಿ ಸಾಹುಕಾರ್ರೇ. ಎಲ್ರೂ ಕೇಳ್ಲಿ. ಆಗ ತಕೊತೀನಿ."

ಸಾಹುಕಾರ ಕಟ್ಟೆಯನ್ನು ನೋಡಿದ, ಜನರನ್ನು ನೋಡಿದ, ಎದ್ದು ಹೋದ. ವ್ಯಾಪಾರಿಯ ಹೆಂಡತಿ ಕೋಲೂರಿಕೊಂಡು ತಾನೇ ನಡೆದು ಬಂದು ಆ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದಳು.

ಗುರುಗಳು ಕತೆ ಮುಗಿಸಿದರು. ಶಿವಮಲ್ಲುವಿನ ಮುಖ ಅರಳಿತ್ತು. ಅವನು ಇನ್ನಷ್ಟು ಹತ್ತಿರಕ್ಕೆ ಬಾಗಿ, ಬಾಯಿಗೆ ಕೈ ಅಡ್ಡ ಹಿಡಿದು, "ಅರ್ಥವಾಯಿತು ಗುರುಗಳೇ," ಎಂದು ಪಿಸುಗುಟ್ಟಿದ.

ಗುರುಗಳು ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಹಾಗಾದರೆ ನಿನ್ನ ಪ್ರಶ್ನೆಯನ್ನು ಇನ್ನೊಂದು ಸಲ ಕೇಳು, ಜಗಲಿಯಲ್ಲಿ ಕೂತವರಿಗೆಲ್ಲ ಕೇಳಿಸಲಿ."