ಕಡಲೆ ಗೋದಾಮಿನ ಬಾಗಿಲಿಗೆ ನಿಂತ ಮುದಕಪ್ಪ

ಹೇಳಿದ ಮಾತು ಕೇಳುವ ಮಗ ಬೇಕು ಅಂತ ರುದ್ರವ್ವ ಹತ್ತು ದೇವರಿಗೆ ಹರಕೆ ಹೊತ್ತಿದ್ದಳಂತೆ. ಹತ್ತೂ ದೇವರು ಕೂಡಿ ವರ ಕೊಟ್ಟುಬಿಟ್ಟರು ನೋಡಿ. ಹುಟ್ಟಿದ ಮುದಕಪ್ಪ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. "ಹಾಲಿನ ಮ್ಯಾಲ ಕಣ್ಣಿಡು" ಅಂದರೆ ಪಾತ್ರೆಗೆ ಮುಖ ಹಚ್ಚಿ ಕೂತುಬಿಡುವನು. ಹಾಲು ಉಕ್ಕಿ, ಹರಿದು, ಒಲೆಯೇ ಆರಿಹೋದರೂ ಕಣ್ಣು ಮಾತ್ರ ತೆಗೆಯುತ್ತಿರಲಿಲ್ಲ. ಮೂವತ್ತು ದಾಟಿ ಮೀಸೆ ದಪ್ಪಗಾದರೂ ಹಾಗೇ.

ರುದ್ರವ್ವ ಅಂದಾನೆಪ್ಪ ಸಾವುಕಾರರ ಗೋದಾಮಿನಲ್ಲಿ ಕಡಲೆ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ಹಿಂದಿನ ವರ್ಷ ಅಲ್ಲಿ ಮೇಲಿನಿಂದ ಒಂದು ಚೀಲ ಜಾರಿ ಹಮಾಲನೊಬ್ಬನ ಹೆಗಲು ಮುರಿದಿತ್ತು. ಆಮೇಲೆ ಸಾವುಕಾರರು ಎಲ್ಲರಿಗೂ ಹೆಲ್ಮೆಟ್ ಕೊಡಿಸಿದರು, ಬೂಟು ಕೊಡಿಸಿದರು, ಬಾಗಿಲಿಗೆ ಒಬ್ಬ ಕಾವಲಿನವನನ್ನೂ ಇಟ್ಟರು. ಆದರೆ ಕಾವಲಿಗೆ ಬಂದವರೆಲ್ಲ ಗುರುತಿನವರನ್ನು ಕಂಡರೆ "ಹೋಗಲಿ ಬಿಡು" ಅಂತ ಬರಿದಲೆಯಲ್ಲೇ ಒಳಗೆ ಬಿಡುತ್ತಿದ್ದರು. ಹಮಾಲರ ಮುಖ್ಯಸ್ಥ, ಮುಕಾದಮ ರಾಜೇಸಾಬನಿಗೆ ಸಾಕಾಗಿ ಹೋಗಿತ್ತು.

"ಅಣ್ಣಾ, ನನ್ನ ಮಗನ್ನ ಇಟಗೋ," ಅಂದಳು ರುದ್ರವ್ವ. "ದಡ್ಡ ಅದಾನ. ಆದ್ರ ಹೇಳಿದ್ದು ಬಿಟ್ಟು ಬ್ಯಾರೇದು ಮಾಡಾಂವಲ್ಲ."

"ಅಂಥಾವನ ಬೇಕಾಗಿತ್ತವ್ವಾ," ಅಂದ ರಾಜೇಸಾಬ. ಮುದಕಪ್ಪನ ಕೊರಳಿಗೆ ಸೀಟಿ ಹಾಕಿ ಹೇಳಿದ: "ತಲಿ ಮ್ಯಾಲ ಹೆಲ್ಮೆಟ್ ಇಲ್ಲದ ಒಂದು ತಲೀನೂ ಒಳಗ ಹೋಗಬಾರದು. ತಿಳೀತಿಲ್ಲೋ?"

"ತಿಳೀತ್ರಿ ಮಾಮಾ."

ಮಧ್ಯಾಹ್ನದೊಳಗೆ ಒಂದು ಕಡಲೆ ಚಕ್ಕಡಿ ಬಂತು. ಎರಡು ಎತ್ತು. ಎರಡು ತಲೆ. ಮುದಕಪ್ಪ ಒಳಗಿಂದ ಎರಡು ಹೆಲ್ಮೆಟ್ ತಂದ, ಕೋಡಿನ ನಡುವೆ ಕೂರಿಸಿದ, ಗದ್ದದ ಕೆಳಗೆ ಪಟ್ಟಿ ಬಿಗಿದ. ಎತ್ತುಗಳು ತಲೆ ಕೊಡವಿದವು, ಹೆಲ್ಮೆಟ್ ಕಣ್ಣಿಗೆ ಇಳಿಯಿತು, ಚಕ್ಕಡಿ ಹಿಂದುಮುಂದಾಗಿ ಅಂಗಳದಲ್ಲೆಲ್ಲ ಕಡಲೆ ಚೆಲ್ಲಿತು. ಚಕ್ಕಡಿಯವನು ಬೈದ. ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ರುದ್ರವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಹೆಲ್ಮೆಟ್ ಮನಷ್ಯಾರಿಗೋ ತಮ್ಮಾ," ಅಂದ ರಾಜೇಸಾಬ. "ದನಾ ಒಳಗ ಬಂದ್ರ ಬಡಿಗಿ ತಗೊಂಡು ಹೊರಗ ಅಟ್ಟು."

"ಆತ್ರಿ ಮಾಮಾ."

ಮರುದಿನ ಒಬ್ಬ ಹಮಾಲ ಮೊಬೈಲ್ ನೋಡುತ್ತಾ ಲಾರಿ ಹಿಂದೆ ಸರಿಯುವ ಜಾಗದಲ್ಲೇ ನಿಂತಿದ್ದ. ರಾಜೇಸಾಬನಿಗೆ ಸಿಟ್ಟು ಬಂತು. "ಏ ದನಾ, ಸರಿಯೋ ಈಕಡೆ," ಅಂತ ಕೂಗಿದ. ಅಷ್ಟೇ. ಮುದಕಪ್ಪ ಬಡಿಗೆ ಹಿಡಿದು ಬಂದ, "ಹೋ, ಹೋ, ಹಚ್ಯಾ" ಅನ್ನುತ್ತಾ ಆ ಹಮಾಲನನ್ನು ರಸ್ತೆಯವರೆಗೂ ಅಟ್ಟಿಕೊಂಡು ಹೋದ. ಹೋಗಿ ಒಂದು ಹಿಡಿ ಹುಲ್ಲನ್ನೂ ಹಾಕಿ ಬಂದ.

ಅವತ್ತು ರುದ್ರವ್ವ ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ಕೇಳಿದಳು, "ಯಾಕ ಹಿಂಗ ಮಾಡ್ತಿ? ನಾ ನಾಳೆ ಮಂದೀಗೆ ಹೆಂಗ ಮುಖ ತೋರಸಲಿ?"

"ಮಾಮಾ ಹೇಳಿದ್ದ ಮಾಡೀನವ್ವಾ," ಅಂದ ಮುದಕಪ್ಪ. ಅವನ ದನಿಯಲ್ಲಿ ಒಂಚೂರೂ ಕಪಟ ಇರಲಿಲ್ಲ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ರಾಜೇಸಾಬ ಹೊಸ ಬುದ್ಧಿ ಹೇಳಿದ. "ನಾ ಸಿಟ್ಟಿನ್ಯಾಗ ಅಂದದ್ದು ಹಿಡೀಬ್ಯಾಡ. ಏನರ ಬೀಳೂಹಂಗ ಕಂಡ್ರ ಜೋರಾಗಿ ಸೀಟಿ ಊದು. ಎಲ್ಲಾರೂ ಹೊರಗ ಓಡಿ ಬರತಾರ."

ಎರಡು ದಿನ ಏನೂ ಬೀಳಲಿಲ್ಲ. ಮೂರನೇ ದಿನ ಮೋಡ ಕಟ್ಟಿತು. ಗುಮಾಸ್ತ ಬಾಗಿಲಿಗೆ ಬಂದು ಮುಗಿಲು ನೋಡಿ, "ಮಳಿ ಬೀಳೂಹಂಗೈತಿ ನೋಡು," ಅಂದ. ಮುದಕಪ್ಪ ಕೆನ್ನೆ ಉಬ್ಬಿಸಿ ಸೀಟಿ ಊದಿದ. ಒಳಗಿದ್ದ ನಲವತ್ತು ಮಂದಿ ಚೀಲ ಬಿಟ್ಟು, ಜರಡಿ ಬಿಟ್ಟು ಅಂಗಳಕ್ಕೆ ಓಡಿ ಬಂದರು. ಅವರು ಬಂದು ನಿಲ್ಲುವುದಕ್ಕೂ ಮಳೆ ಧೋ ಅಂತ ಸುರಿಯುವುದಕ್ಕೂ ಸರಿಹೋಯಿತು. ಸೂರಿನಡಿ ಇದ್ದವರನ್ನೆಲ್ಲ ಕರೆದು ತೋಯಿಸಿದ ಹಾಗಾಯಿತು. ತಲೆಯಿಂದ ನೀರು ಸುರಿಸುತ್ತಾ ಎಲ್ಲರೂ ಬೈದರು. ರಾಜೇಸಾಬ ಒಬ್ಬನೇ ಬೈಯಲಿಲ್ಲ. ಅವನು ತಲೆ ಎಣಿಸುತ್ತಿದ್ದ.

"ನಲವತ್ತಕ್ಕ ನಲವತ್ತು," ಅಂದ ರುದ್ರವ್ವನಿಗೆ. "ಕಣ್ಣು ಮುಚ್ಚಿ ತಗಿಯೂದ್ರಾಗ ಹೊರಗ ಬಂದಾರ. ಹಿಂದಿನ ಕಾವಲಿನಾವರು ಊದಿದ್ರ ಒಬ್ಬನೂ ಏಳತಿರಲಿಲ್ಲ."

ರುದ್ರವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈ ಸಲ ರಾಜೇಸಾಬ ಒಂದು ದಾರಕ್ಕೆ ಕಲ್ಲು ಕಟ್ಟಿ ಕೊಟ್ಟ. ಕೈಗೊಂದು ಸುಣ್ಣದ ಕಡ್ಡಿಯನ್ನೂ ಕೊಟ್ಟ. "ಮುಗಲು ನೋಡಬ್ಯಾಡ. ಮ್ಯಾಲಿಂದ ಈ ದಾರ ಇಳಿಬಿಟ್ಟು ನೋಡು. ದಾರ ಬಿಟ್ಟು ಏನರ ಒಂದು ಗೇಣು ಮುಂದ ಬಂದಿತ್ತಂದ್ರ ಅದು ಬೀಳತೈತಿ. ಸುತ್ತ ಗೆರಿ ಹೊಡದು ಮಂದೀನ್ನ ದೂರ ನಿಂದರಸು."

ಮುದಕಪ್ಪ ದಾರ ಹಿಡಿದು ಹೊರಟ. ಗೋಡೆ ನೋಡಿದ, ನೆಟ್ಟಗಿತ್ತು. ಕಂಬ ನೋಡಿದ, ನೆಟ್ಟಗಿತ್ತು. ಅಷ್ಟರಲ್ಲಿ ಅಂದಾನೆಪ್ಪ ಸಾವುಕಾರರು ಬಂದರು. ಮುದಕಪ್ಪ ಅವರ ಗದ್ದದ ಹತ್ತಿರದಿಂದ ದಾರ ಇಳಿಬಿಟ್ಟ. ಹೊಟ್ಟೆ ಒಂದು ಗೇಣಿನ ಮೇಲೆ ಎರಡು ಬೆರಳು ಮುಂದಿತ್ತು. ಸಾವುಕಾರರ ಸುತ್ತ ಗೆರೆ ಎಳೆದ. "ದೂರ ಸರೀರಿ, ಸಾವುಕಾರ್ರು ಬೀಳಾಕ ಬಂದಾರ," ಅಂದ. ಪಾಪ, ಸಾವುಕಾರರು ಗೆರೆಯೊಳಗೆ ಕಾಲು ಜೋಡಿಸಿ ನಿಂತೇ ಬಿಟ್ಟರು.

ರಾಜೇಸಾಬ ಓಡಿ ಬಂದು ಹಣೆ ಹಣೆ ಬಡಿದುಕೊಂಡ. "ಮನಷ್ಯಾರನ್ನ ಅಳೀಬ್ಯಾಡೋ ಮಾರಾಯಾ. ಚೀಲ ಒಟ್ಟಿದ ಥಪ್ಪಿ ಅಳಿ. ಥಪ್ಪಿ ಅಷ್ಟ. ವಾಲಿದ್ದು ಕಂಡ್ರ ಗೆರಿ ಹೊಡಿ. ಆ ಗೆರಿ ಯಾರನ್ನೂ ದಾಟಗೊಡಬ್ಯಾಡ. ಯಾರಂದ್ರ ಯಾರನ್ನೂ. ನಾ ಬಂದು ಕೈ ಮುಗದ್ರೂ ಬಿಡಬ್ಯಾಡ."

"ಆತ್ರಿ ಮಾಮಾ."

ಮರುದಿನ ಊಟದ ಹೊತ್ತು. ಹಿಂದಿನ ಗೋಡೆಯ ಹತ್ತಿರ ತಂಪಿರುತ್ತದೆ ಅಂತ ಎಲ್ಲರೂ ಬುತ್ತಿ ಇಡುತ್ತಿದ್ದದ್ದು ಅಲ್ಲೇ, ಕೂತು ಉಣ್ಣುತ್ತಿದ್ದದ್ದೂ ಅಲ್ಲೇ. ರುದ್ರವ್ವ ಕೈ ತೊಳೆದು ಬಂದು ನೋಡಿದರೆ ಆ ಕಡೆಯ ಥಪ್ಪಿಯ ಮುಂದೆ ಉದ್ದಕ್ಕೂ ಬಿಳಿ ಗೆರೆ. ಗೆರೆಯ ಈಚೆ ಮಗ ಎರಡೂ ಕೈ ಚಾಚಿ ನಿಂತಿದ್ದಾನೆ.

"ಸರಿಯೋ, ಬುತ್ತಿ ತಗೋಬೇಕು."

"ಇಲ್ಲವ್ವಾ. ಥಪ್ಪಿ ಗೇಣು ಮುಂದ ಬಂದೈತಿ."

"ನಾ ನಿನ್ನ ಹಡದಾಕಿ."

"ಹೌದವ್ವಾ. ಆದ್ರ ಯಾರಂದ್ರ ಯಾರನ್ನೂ ಅಂದಾರ."

"ನೀನರ ಹೋಗಿ ತಂದುಕೊಡು ಹಂಗಾದ್ರ."

ಮುದಕಪ್ಪ ಒಂದು ಗಳಿಗೆ ಯೋಚನೆ ಮಾಡಿದ. "ನಾನೂ ಯಾರೋ ಒಬ್ಬಾಂವ ಅಲ್ಲೇನವ್ವಾ?"

ಹಸಿದ ಹಮಾಲರು ಸೇರಿದರು. ಗದರಿಸಿದರು, ನೂಕಿದರು. ಮುದಕಪ್ಪ ಅಲ್ಲಾಡಲಿಲ್ಲ. ರಾಜೇಸಾಬ ಬಂದ. "ಮೂರು ದಿನದಿಂದ ಹಂಗ ಐತೋ ಅದು, ಏನೂ ಆಗೂದಿಲ್ಲ. ಸಂಜೀಕ ಇಳಸ್ತೀನಿ. ಈಗ ಬಿಡು," ಅಂತ ಕೈ ಮುಗಿದೇ ಕೇಳಿದ.

"ಕೈ ಮುಗದ್ರೂ ಬಿಡಬ್ಯಾಡ ಅಂದೀರಿ ಮಾಮಾ."

ಸಾವುಕಾರರಿಗೆ ಸುದ್ದಿ ಹೋಯಿತು, ಅವರೂ ಬಂದರು. "ಮುದಕಪ್ಪಾ, ನಾ ಮಾಲಕ ಹೇಳತೀನಿ, ಬಿಡು."

"ಇಲ್ರೀ."

ರುದ್ರವ್ವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಗನ ರಟ್ಟೆ ಹಿಡಿದು ಎಳೆಯಲು ಕೈ ನೀಡಿದಳು. ಆಗ ಎಲ್ಲೋ ಸರಸರ ಅಂತ ಸಣ್ಣ ಸಪ್ಪಳ. ಹೆಗ್ಗಣ ಕಡಿದ ಬುಡದ ಚೀಲದಿಂದ ಕಡಲೆ ನೀರಿನ ಹಾಗೆ ಸುರಿಯುತ್ತಿತ್ತು. ಮುದಕಪ್ಪ ಸೀಟಿ ಊದಿದ. ಸಾವುಕಾರರೂ ಸೇರಿ ಎಲ್ಲರೂ ಬಾಗಿಲ ಕಡೆ ಓಡಿದರು. ಹಿಂದೆ ಇಡೀ ಥಪ್ಪಿ ಕುಸಿಯಿತು. ನೆಲ ನಡುಗಿತು. ಧೂಳು ಇಳಿದ ಮೇಲೆ ನೋಡಿದರೆ, ದಿನಾ ಅವರು ಉಣ್ಣಲು ಕೂರುತ್ತಿದ್ದ ಜಾಗದಲ್ಲಿ ಇನ್ನೂರು ಚೀಲ ಬಿದ್ದಿದ್ದವು.

ರಾಜೇಸಾಬ ತಲೆ ಎಣಿಸಿದ. ನಂಬಿಕೆ ಬಾರದೆ ಎರಡನೇ ಸಲ ಎಣಿಸಿದ. ಎಲ್ಲರೂ ಇದ್ದರು. ಅವನು ಮುದಕಪ್ಪನ ಮುಂದೆ ಬಂದು ಮತ್ತೆ ಕೈ ಮುಗಿದ. ಈ ಸಲ ಏನೂ ಕೇಳಲಿಲ್ಲ. ರುದ್ರವ್ವ ಮಗನ ಮುಖದ ಧೂಳನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಇಷ್ಟು ದಿನ ಮನಸ್ಸಿನಲ್ಲೇ ಹತ್ತು ದೇವರಿಗೂ ತಾನು ಬೈದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಸಾವುಕಾರರ ಕಣ್ಣಲ್ಲಿ ನೀರು. "ಮುದಕಪ್ಪಾ, ಇವತ್ತಿನಿಂದ ಇದು ಗೋದಾಮಲ್ಲ. ನಿನ್ನ ಮನಿ ಅಂತ ತಿಳಕೋ," ಅಂದರು.

ಆ ಮಾತಿಗೆ ಅಲ್ಲೇ ಒಂದು ಬೇಲಿ ಹಾಕಬೇಕಿತ್ತು. ಸಂತೋಷದಲ್ಲಿ ರುದ್ರವ್ವನಿಗೂ ಹೊಳೆಯಲಿಲ್ಲ.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅವಳ ಮನೆಯಲ್ಲಿ ರೊಟ್ಟಿ ಹಂಚಿಲ್ಲ, ಹಿಟ್ಟು ನಾದುವ ಕೊಣಮಿಗೆಯಿಲ್ಲ, ಹಾಸುವ ಕೌದಿಯೂ ಇಲ್ಲ. ಗೋದಾಮಿಗೆ ಓಡಿದಳು. ಬಾಗಿಲಿಗೆ ಸಾರಿಸಿ ರಂಗೋಲಿ ಹಾಕಿತ್ತು. ಹೊರಗೆ ನಲವತ್ತು ಜೊತೆ ಬೂಟು ಸಾಲಾಗಿ ಇದ್ದವು. ಒಳಗೆ ಕೌದಿಯ ಮೇಲೆ ಅಂದಾನೆಪ್ಪ ಸಾವುಕಾರರು ಬರಿಗಾಲಲ್ಲಿ ಕೂತು ಚೊಂಬಿನಿಂದ ನೀರು ಕುಡಿಯುತ್ತಿದ್ದರು. ಪಕ್ಕದಲ್ಲಿ ರಾಜೇಸಾಬ. ಅವರ ಹಿಂದೆ ಏನು ಮಾಡಬೇಕೋ ತಿಳಿಯದೆ ಸಾಲಾಗಿ ಕೂತ ಹಮಾಲರು.

"ಬಾಳ ಅಪರೂಪ ಆತ್ರಿ ನೀವು ಬಂದದ್ದು," ಅನ್ನುತ್ತಿದ್ದ ಮುದಕಪ್ಪ ಸಾವುಕಾರರಿಗೆ. "ಯಾವ ಊರಾತ್ರಿ ನಿಮ್ಮದು?"

ಅವ್ವನನ್ನು ಕಂಡದ್ದೇ ಅವನ ಮುಖ ಅರಳಿತು. "ಬಂದ್ಯಾ ಅವ್ವಾ? ಲಗೂನ ರೊಟ್ಟಿ ಬಡಿ. ಮನೀಗೆ ಮಂದಿ ಬಂದಾರ."