ಕಾಟಯ್ಯನ ಬಸುರಿಗೋಡೆ

ಬಹಳ ಹಿಂದಿನ ಮಾತು ಕಣ್ರಪ್ಪ, ಈ ಊರಿಗೆ ಇನ್ನೂ ಹೆಸರೇ ಇಡದಿದ್ದ ಕಾಲ. ಆಗ ಇಲ್ಲಿ ಕಾಟಯ್ಯ ಅಂತ ಒಬ್ಬ ಕಲ್ಲುಕುಟಿಗ ಇದ್ದನಂತೆ. ಅವನು ದಾರ ಹಿಡಿದು ಕಟ್ಟಿದ ಗೋಡೆಯ ಮೇಲೆ ಗೋಲಿ ಇಟ್ಟರೆ ಅತ್ತಲೂ ಉರುಳುತ್ತಿರಲಿಲ್ಲವಂತೆ, ಇತ್ತಲೂ ಉರುಳುತ್ತಿರಲಿಲ್ಲವಂತೆ. ನಾನೇನು ಗೋಲಿ ಇಟ್ಟು ನೋಡಿದವನಲ್ಲ, ಹೇಳಿದ್ದನ್ನು ಹೇಳುತ್ತಿದ್ದೇನೆ.

ಪಾಳೆಗಾರ ಕೋಟೆ ಕಟ್ಟಿಸುತ್ತಿದ್ದ. ಬೇಟೆಗೆ ಹೊರಟವನು ಕಾಟಯ್ಯನನ್ನು ಕರೆದು, ಎಂಟು ದಿನಕ್ಕೆ ಬರುತ್ತೇನೆ, ಕೊನೆಯ ಗೋಡೆ ಎದ್ದಿರಬೇಕು, ಒಂದು ಗೇಣು ಸೊಟ್ಟಗಾದರೂ ನಿನ್ನ ಬಲಗೈ ತೆಗೆಸುತ್ತೇನೆ ಅಂದನಂತೆ. ಕಾಟಯ್ಯ ಗೂಟ ಹೊಡೆದು ದಾರ ಬಿಗಿದ. ದಾರ ಸರಿಯಾಗಿ ಸೂಲಗಿತ್ತಿ ಬೋರಕ್ಕನ ಗುಡಿಸಲ ಮೇಲೇ ಹಾದುಹೋಯಿತು. ಗುಡಿಸಲು ಕೆಡವಬೇಕು, ಬೇರೆ ದಾರಿಯಿಲ್ಲ.

ಆದರೆ ಒಳಗೆ ಒಬ್ಬ ಕುರಿಗಾಹಿಯ ಹೆಂಡತಿ ಎರಡು ದಿನದಿಂದ ನೋವು ತಿನ್ನುತ್ತಿದ್ದಳು. ಹೆರಿಗೆ ಕಷ್ಟವಾದರೆ ಮನೆಯಲ್ಲಿರುವ ಗಂಟುಗಳನ್ನೆಲ್ಲ ಬಿಚ್ಚಬೇಕು, ಅದು ಪದ್ಧತಿ. ಬೋರಕ್ಕ ಅವಳ ಜಡೆ ಬಿಚ್ಚಿದಳಂತೆ, ಬಟ್ಟೆಗಂಟು ಬಿಚ್ಚಿದಳಂತೆ, ಕಟ್ಟಿದ ಆಡನ್ನೂ ಬಿಚ್ಚಿದಳಂತೆ. ಮಗು ಬರಲಿಲ್ಲ. ಹೊರಗೆ ಬಂದು ತಲೆಯೆತ್ತಿದರೆ ಸೂರಿನ ಮೇಲೆ ದಾರ.

"ನಂದೆಲ್ಲ ಬಿಚ್ಚಿದೀನಿ ಕಣಪ್ಪ ಕಾಟಯ್ಯ, ನಿಂದೊಂದು ಉಳಿದೈತೆ" ಅಂದಳಂತೆ.

ಕಾಟಯ್ಯ ತನ್ನ ಬಲಗೈ ನೋಡಿಕೊಂಡನಂತೆ. ಆಮೇಲೆ ಅದೇ ಕೈಯಿಂದ ಗೂಟದ ಗಂಟು ಬಿಚ್ಚಿದ. ಒಳಗೆ ಮಗು ಅತ್ತಿತು.

ಹೆರಿಗೆಗೆಂದು ಬಿಚ್ಚಿದ್ದನ್ನು ಹನ್ನೊಂದು ದಿನ, ಪುರುಡು ಕಳೆಯುವವರೆಗೂ ಮತ್ತೆ ಕಟ್ಟುವಂತಿಲ್ಲ. ಪಾಳೆಗಾರ ಬರುವುದು ಎಂಟಕ್ಕೆ. ಬಾಣಂತಿಯನ್ನು ಎಬ್ಬಿಸುವ ಮನಸ್ಸು ಯಾರಿಗೂ ಬರಲಿಲ್ಲ. ಕಾಟಯ್ಯ ದಾರವಿಲ್ಲದೆ ಕಣ್ಣಳತೆಯಲ್ಲೇ ಕಲ್ಲಿಟ್ಟ, ಗುಡಿಸಲನ್ನು ಬಳಸಿಕೊಂಡು ಗೋಡೆಯನ್ನು ಹೊರಕ್ಕೆ ಬಾಗಿಸಿಬಿಟ್ಟ.

ಪಾಳೆಗಾರ ಬಂದು ನೋಡಿ ಕೆಂಡವಾದನಂತೆ. ಗೋಡೆ ಕಟ್ಟೋ ಅಂದರೆ ಬಸುರಿ ಹೊಟ್ಟೆ ಕಟ್ಟಿದ್ದೀಯಲ್ಲೋ ಅಂದನಂತೆ. ಕಾಟಯ್ಯ ಮಂಡಿಯೂರಿ ಬಲಗೈಯನ್ನು ಕಲ್ಲಿನ ಮೇಲಿಟ್ಟ. ಆಗ ಬೋರಕ್ಕ ಕೂಸನ್ನು ಎತ್ತಿಕೊಂಡೇ ಅಡ್ಡ ಬಂದಳು.

"ನೀನು ಹುಟ್ಟುವಾಗ ನಿಮ್ಮಪ್ಪ ಹಳೇ ಕೋಟೆ ಬಾಗಿಲ ಸರಪಳೀನೇ ಬಿಚ್ಚಿಸಿದ್ದ ಕಣೋ. ಹಗೆಗಳು ಹೊರಗೇ ನಿಂತಿದ್ದರು. ಬಿಚ್ಚಿಸು ಅಂದೋಳು ನಾನೇ."

ಪಾಳೆಗಾರ ಕತ್ತಿ ಕೆಳಗಿಟ್ಟು, ಮೊದಲು ಅವಳ ಕಾಲು ಮುಟ್ಟಿದನಂತೆ, ಆಮೇಲೆ ಕಾಟಯ್ಯನ ಕೈ ಹಿಡಿದು ಎಬ್ಬಿಸಿದನಂತೆ.

ಕೋಟೆ ಪಾಳುಬಿದ್ದ ಮೇಲೆ ನೆಟ್ಟಗಿದ್ದ ಗೋಡೆಯ ಕಲ್ಲನ್ನೆಲ್ಲ ನಮ್ಮ ಹಿರಿಯರು ಕಿತ್ತು ದನದ ಕೊಟ್ಟಿಗೆಗೆ ಹಾಕಿಕೊಂಡರು, ಸುಳ್ಳೇಕೆ ಹೇಳಲಿ. ಬಸುರಿಗೋಡೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಇವತ್ತಿಗೂ ನಮ್ಮೂರಲ್ಲಿ ಯಾರಿಗಾದರೂ ನೋವು ಶುರುವಾಯಿತು ಅಂತ ಸುದ್ದಿ ಬಂದರೆ, ಅದು ಆಸ್ಪತ್ರೆಯಿಂದ ಫೋನಿನಲ್ಲೇ ಬರಲಿ, ಗಾರೆ ಕೆಲಸದವರು ದಾರ ಬಿಚ್ಚಿಟ್ಟು ಕಣ್ಣಳತೆಯಲ್ಲೇ ಕಟ್ಟುತ್ತಾರೆ. ಮನೆಯವರು ಯಾಕೆ ಅಂತ ಕೇಳುವುದಿಲ್ಲ. ಅದಕ್ಕೇ ಇಲ್ಲಿ ನೆಟ್ಟಗಿನ ಗೋಡೆ ಹುಡುಕಿದರೂ ಸಿಗದು. ಪರವೂರಿನವರು ಬಂದು ಫೋಟೊ ತೆಗೆದು ನಗುತ್ತಾರೆ, ನಗಲಿ. ಹಿಟ್ಟಿನ ಗಿರಣಿ ಹಿಂದೆ ಒಂದು ಗೋಡೆ ಹೊಟ್ಟೆ ಮುಂದೆ ಮಾಡಿಕೊಂಡು ನಿಂತಿದೆಯಲ್ಲ, ಅದು ನಾನು ಹುಟ್ಟಿದ ದಿನ ಕಟ್ಟಿದ್ದು. ಹಾದುಹೋಗುವಾಗಲೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇನೆ.